ಶಂಖದ ಬಲವೂ ಎಡವೂ

ದೇವರ ಮನೆಯ ಶಂಖವನ್ನು ನಾವೆಲ್ಲರೂ ಬಲ್ಲೆವು. ಅದು ಒಮ್ಮೆ ಒಂದು ಪ್ರಾಣಿಯ ಮನೆಯಾಗಿತ್ತೆಂಬುದನ್ನು ನೆನೆಯುವುದು ಮಾತ್ರ ಅಪರೂಪ. ಮನ್ನಾರ್ ಖಾರಿಯ ಮರಳುತಳದಲ್ಲಿ ಹುಳುಗಳನ್ನು ತಿಂದು ಬಾಳುವ ಈ ಜೀವಿ ಬಸವನಹುಳುವಿನ ಬಂಧು. ಟರ್ಬಿನೆಲ್ಲ ಪೈರಮ್ ಎಂಬುದು ಅದರ ಶಾಸ್ತ್ರೀಯ ನಾಮ. ಕಡಲಿನಿಂದ ತೆಗೆದಾಗ ಚಿಪ್ಪಿನ ಮೇಲೆ ಕಂದು ಬಣ್ಣದ ಪೊರೆಯೊಂದಿರುತ್ತದೆ; ಅದನ್ನು ಉಜ್ಜಿ ತೆಗೆದ ಮೇಲೆಯೇ ನಮಗೆ ಪರಿಚಿತವಾದ ಬಿಳುಪು ಕಾಣುವುದು.

ಈ ಜಾತಿಯ ಚಿಪ್ಪುಗಳೆಲ್ಲ ಬಹುಮಟ್ಟಿಗೆ ಒಂದೇ ದಿಕ್ಕಿಗೆ ಸುತ್ತಿಕೊಂಡಿರುತ್ತವೆ. ಎಲ್ಲೋ ಅತ್ಯಪೂರ್ವವಾಗಿ ಒಂದು ವಿರುದ್ಧ ದಿಕ್ಕಿಗೆ ಸುತ್ತಿರುತ್ತದೆ. ಅದೇ ಬಲಮುರಿ ಅಥವಾ ದಕ್ಷಿಣಾವರ್ತ ಶಂಖ. ಆದರೆ ಪ್ರಾಣಿಶಾಸ್ತ್ರದ ಪುಸ್ತಕವನ್ನು ತೆರೆದರೆ ಅದನ್ನೇ ಎಡಸುತ್ತಿನದೆಂದು ಕರೆದಿರುತ್ತಾರೆ! ಯಾರ ಮಾತು ಸರಿ?

ಇಬ್ಬರದೂ ಸರಿಯೇ. ವಿಜ್ಞಾನಿಯು ಚಿಪ್ಪಿನ ಮೊನೆಯನ್ನು ಮೇಲಕ್ಕೆ ಮಾಡಿ, ಬಾಯಿಯನ್ನು ತನ್ನ ಕಡೆಗೆ ತಿರುಗಿಸಿ ಹಿಡಿಯುತ್ತಾನೆ. (ಊದುವ ಶಂಖದಲ್ಲಿ ಕತ್ತರಿಸಿರುವುದು ಈ ಮೊನೆಯನ್ನೇ.) ಸಾಮಾನ್ಯ ಶಂಖದ ಬಾಯಿ ಆಗ ಅವನ ಬಲಕ್ಕೆ ಬರುತ್ತದೆ. ಸಂಪ್ರದಾಯದಲ್ಲಿ ಮೊನೆ ಕೆಳಗೆ. ಬಾಯಿ ಎಡಕ್ಕೆ ಬರುತ್ತದೆ. ಹೆಸರು ಬದಲಾಯಿತೇ ಹೊರತು ಸುತ್ತು ಬದಲಾಗಲಿಲ್ಲ. ತಿರುಪುಮೊಳೆಯನ್ನು ತಲೆಕೆಳಗೆ ಮಾಡಿದರೆ ಅದರ ತಿರುಪು ಬೇರೆಯಾಗುವುದೆ? ಇಲ್ಲ. ಅದನ್ನು ಬೇರೆಯಾಗಿಸಬಲ್ಲದ್ದು ಕನ್ನಡಿಯೊಂದೇ. ಮನೆಯ ಶಂಖವನ್ನು ಕನ್ನಡಿಯ ಮುಂದೆ ಹಿಡಿದು ನೋಡಿರಿ: ಒಳಗೆ ಕಾಣುವುದು ಬಲಮುರಿ ಶಂಖ. ಖರ್ಚಿಲ್ಲದೆ ಅದನ್ನು ಪಡೆಯಲು ಬೇರೆ ದಾರಿ ನಮಗೆ ತಿಳಿಯದು.

ಖರ್ಚಿನ ಮಾತನ್ನು ಸುಮ್ಮನೆ ಎತ್ತಲಿಲ್ಲ. ಅಪೂರ್ವವಾದುದಕ್ಕೆ ಬೆಲೆ ಹೆಚ್ಚು. ಬೆಲೆಯಿರುವಲ್ಲಿ ಮೋಸವೂ ಉಂಟು. ಮೆಕ್ಸಿಕೊ ಖಾರಿಯಲ್ಲಿಯೂ ಅಮೆರಿಕದ ಆಗ್ನೇಯ ತೀರದಲ್ಲಿಯೂ ಲೈಟ್ನಿಂಗ್ ವೆಲ್ಕ್ ಎಂಬ ಬೇರೊಂದು ಬಸವನಹುಳುವಿದೆ. ಅದರ ಚಿಪ್ಪು ಹುಟ್ಟುಗುಣದಿಂದಲೇ ಎಡಸುತ್ತಿನದು. ಅಲ್ಲಿ ಅದು ಅಪೂರ್ವವೇನೂ ಅಲ್ಲ. ಇದನ್ನೇ ನಮ್ಮ ದೇಶದಲ್ಲಿ ಬಲಮುರಿ ಶಂಖವೆಂದು ದುಬಾರಿ ಬೆಲೆಗೆ ಮಾರುವುದುಂಟು.

ಕಿವಿಗೆ ಹಿಡಿದಾಗ ಮೊರೆಯುವುದೇ ನಿಜವಾದ ಬಲಮುರಿಯ ಗುರುತೆಂದು ಮಾರುವವನು ಹೇಳಬಹುದು. ಖಾಲಿ ಲೋಟವನ್ನು ಕಿವಿಗೆ ಹಿಡಿದರೂ ಮೊರೆತ ಕೇಳಿಸುತ್ತದೆ! ನಮ್ಮ ಸುತ್ತಲೂ ಸಣ್ಣಪುಟ್ಟ ಸದ್ದುಗಳು ಸದಾ ಇರುತ್ತವೆ. ಪೊಳ್ಳಾದ ಪಾತ್ರೆಯೊಳಗಿನ ಗಾಳಿಗೆ ತನ್ನವೇ ಆದ ಸಹಜ ಆವೃತ್ತಿಗಳಿದ್ದು, ಅವುಗಳಿಗೆ ಹೊಂದುವ ಸದ್ದುಗಳು ಅನುರಣನದಿಂದ ಬಲಗೊಳ್ಳುತ್ತವೆ. ಹೊರಗಿನ ಸದ್ದು ಒಳಬರದಂತೆ ಕಟ್ಟಿದ ಕೋಣೆಯಲ್ಲಿ ಎಷ್ಟೇ ಬೆಲೆಯ ಶಂಖವೂ ಮೂಕವಾಗಿರುತ್ತದೆ.

ಕಿವಿಗಿಂತ ಬೆರಳು ಇಲ್ಲಿ ಒಳ್ಳೆಯ ಸಾಕ್ಷಿ. ನಮ್ಮ ಶಂಖದ ಬಾಯೊಳಗೆ, ಸುತ್ತುಗಳಿಗೆ ಆಧಾರವಾದ ನಡುಗಂಬದ ಮೇಲೆ, ಮೂರು ನಾಲ್ಕು ಏಣುಗಳು ಎದ್ದು ನಿಂತಿರುತ್ತವೆ. ಅಮೆರಿಕದ ಚಿಪ್ಪಿನಲ್ಲಿ ಅಂಥ ಏಣುಗಳ ಸಾಲಿಲ್ಲ. ಸುತ್ತು ಯಾವ ಕಡೆಗಿದ್ದರೂ ಟರ್ಬಿನೆಲ್ಲದಲ್ಲಿ ಈ ಏಣುಗಳು ಇರಲೇಬೇಕು. ಆದ್ದರಿಂದ ಅವು ಹೇಗಿರುತ್ತವೆಂಬುದನ್ನು ಮನೆಯಲ್ಲಿರುವ ಸಾಧಾರಣ ಶಂಖದಲ್ಲಿಯೇ ಮೊದಲು ಮುಟ್ಟಿ ತಿಳಿದುಕೊಳ್ಳಬಹುದು.