ನೀ ಸುಮ್ಮನ ಕುಂದರು ಯಪ್ಪಾ

ಪ್ರಶ್ನೆ: ನಾನು ನವಲಗುಂದ ತಾಲ್ಲೂಕಿನ ರೈತ. ಅಪ್ಪನಿಗೆ 74. ಜೋಳದ ಚೀಲ ಒಬ್ಬನೇ ಬೆನ್ನಿಗೇರಿಸಿಕೊಳ್ಳುತ್ತಿದ್ದವನು ಎರಡು ವರ್ಷದಿಂದ ನೆಲದಿಂದ ಏಳಲು ನನ್ನ ಕೈ ಹಿಡಿಯುತ್ತಾನೆ. ತೊಡೆ ಸೊರಗಿವೆ. ಮುದಿ ಇಲಿಗಳಿಗೆ ಒಂದು ತಿಂಗಳು ಔಷಧ ಕೊಟ್ಟಾಗ ಕಸುವು ಮರಳಿತು ಅನ್ನುವ ವಿಡಿಯೋ ನೋಡಿದೆ. ಪರಿಚಯದವರೊಬ್ಬರು ಅಂಥದೇ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸುತ್ತೇನೆ ಅಂದಿದ್ದಾರೆ. ಅದಕ್ಕೆ ಎರಡು ಎಕರೆ ಒತ್ತಿ ಹಾಕಬೇಕು. ಅಪ್ಪ ‘ಭೂಮಿಗೆ ಭಾರ ಆಗೇನಿ, ನನ್ನ ಸಲುವಾಗಿ ರೊಕ್ಕ ಕೆಡಿಸಬ್ಯಾಡ’ ಅಂತಾನೆ. ಔಷಧ ಇದ್ದೂ ಕೊಡಿಸದ ಮಗ ಆಗುತ್ತೇನೆಯೇ ಎಂದು ರಾತ್ರಿ ನಿದ್ದೆ ಹತ್ತುವುದಿಲ್ಲ.

ಉತ್ತರ: ಚೀಲ ಹೊತ್ತ ಬೆನ್ನನ್ನು ನೋಡುತ್ತ ಬೆಳೆದ ಮಗನಿಗೆ, ಅದೇ ಮನುಷ್ಯ ಎದ್ದೇಳಲು ಕೈ ಚಾಚಿದಾಗ ಎದೆ ಧಸಕ್ಕೆನ್ನದೆ ಇರದು. ಅದರಲ್ಲಿ ಹೆದರಿಕೆ ಇದೆ, ಅವರ ಸಂಕೋಚ ಕಂಡ ನೋವೂ ಇದೆ. ಇಂಥ ಪತ್ರಗಳು ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯಿಂದಲೂ ಬರುತ್ತವೆ. ನೀವು ಒಬ್ಬರೇ ಅಲ್ಲ.

ಮೊದಲು ನಿಮ್ಮ ನಿದ್ದೆ ಕೆಡಿಸಿದ ಮಾತನ್ನೇ ತೆಗೆದುಕೊಳ್ಳೋಣ. ಅಪ್ಪನಿಗೆ ಸಿಗಬೇಕಾದ ಔಷಧವನ್ನು ನೀವು ತಪ್ಪಿಸುತ್ತಿಲ್ಲ. ಅದು ಇನ್ನೂ ಯಾರಿಗೂ ಸಿಗುವ ಹಂತಕ್ಕೆ ಬಂದಿಲ್ಲ.

ವಿಡಿಯೋ ಪೂರ್ತಿ ಸುಳ್ಳಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೆಲೆನ್ ಬ್ಲಾವ್ ಅವರ ತಂಡ 2021ರಲ್ಲಿ ಇಂಥದೊಂದು ಅಧ್ಯಯನ ಪ್ರಕಟಿಸಿತು. ವಯಸ್ಸಾದಂತೆ ಸ್ನಾಯುವಿನಲ್ಲಿ ಹೆಚ್ಚುವ ಒಂದು ಕಿಣ್ವವನ್ನು ತಿಂಗಳ ಕಾಲ ತಡೆದಾಗ ಮುದಿ ಇಲಿಗಳ ಸ್ನಾಯು ದಪ್ಪಗಾಯಿತು, ಬಲವೂ ಹೆಚ್ಚಿತು. ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲೂ ಜ್ಯೋತ್ಸ್ನಾ ಧವನ್ ಅವರಂಥ ವಿಜ್ಞಾನಿಗಳು ಸ್ನಾಯುವಿನೊಳಗೆ ಮಲಗಿರುವ ಸ್ಟೆಮ್ ಸೆಲ್‌ಗಳು ಎಚ್ಚರಗೊಳ್ಳುವ ಬಗೆಯನ್ನು ಅಭ್ಯಾಸ ಮಾಡಿದ್ದಾರೆ. ದೊಡ್ಡ ಕೆಲಸವೇ. ಆದರೆ ಪ್ರಯೋಗಾಲಯದ ಇಲಿ ಎರಡು-ಮೂರು ವರ್ಷ ಬದುಕುವ ಜೀವ. ಎಲ್ಲಕ್ಕೂ ಒಂದೇ ತಳಿ, ಒಂದೇ ಆಹಾರ, ಒಂದೇ ಬಗೆಯ ಪಂಜರ. ನಿಮ್ಮ ಅಪ್ಪನಂತೆ ಸವೆದ ಮೊಣಕಾಲು, ಬಿ.ಪಿ. ಗುಳಿಗೆ, ಐವತ್ತು ವರ್ಷದ ದುಡಿಮೆ ಅದಕ್ಕಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ತಾಕಿನಲ್ಲಿ ಚೆನ್ನಾಗಿ ಬಂತೆಂದು ಕೇಳಿದ ಮಾತ್ರಕ್ಕೆ ಹೊಸ ತಳಿಯೊಂದನ್ನು ನೀವು ಇಡೀ ಎರೆ ಹೊಲಕ್ಕೆ ಬಿತ್ತುತ್ತೀರಾ?

ಇಲಿಯಿಂದ ಮನುಷ್ಯನವರೆಗೆ ಬಂದ ಔಷಧವೊಂದರ ಕಥೆ ಕೇಳಿ. ಮಯೋಸ್ಟಾಟಿನ್ ಎಂಬ ಅಂಶ ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಅದಿಲ್ಲದ ಇಲಿಗಳು ಪೈಲ್ವಾನರಂತೆ ಬೆಳೆದದ್ದು 1997ರಲ್ಲೇ ಸುದ್ದಿಯಾಗಿತ್ತು. ಅದೇ ದಾರಿಯಲ್ಲಿ ಬಂದ ಬಿಮಾಗ್ರುಮ್ಯಾಬ್ ಎಂಬ ಔಷಧವನ್ನು 70 ದಾಟಿದ, ಸ್ನಾಯು ಕರಗಿದವರ ಮೇಲೆ ಆರು ತಿಂಗಳು ಪರೀಕ್ಷಿಸಿದರು. 2020ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿಗೆ ಒಳ್ಳೆಯ ಊಟ, ಮನೆಯಲ್ಲೇ ಮಾಡುವ ವ್ಯಾಯಾಮ ಇದ್ದವು. ಔಷಧ ಪಡೆದವರ ಸ್ನಾಯು ಹೆಚ್ಚಿತು, ನಿಜ. ಆದರೆ ನಡೆಯುವುದರಲ್ಲಿ, ಕುರ್ಚಿಯಿಂದ ಏಳುವುದರಲ್ಲಿ ಅವರು ಬರೀ ಊಟ-ವ್ಯಾಯಾಮದವರಿಗಿಂತ ಮುಂದೆ ಹೋಗಲಿಲ್ಲ. ಎರಡೂ ಗುಂಪಿನವರು ಸುಧಾರಿಸಿದ್ದರು.

ಇನ್ನೊಂದು ಪ್ರಯೋಗ, ಇದಕ್ಕಿಂತ ಹಳೆಯದು. 1990ರಲ್ಲಿ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ 86ರಿಂದ 96 ವಯಸ್ಸಿನ, ತೀರ ಕೃಶರಾದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ತರಬೇತಿ ಕೊಟ್ಟರು, ಪಕ್ಕದಲ್ಲಿ ನಿಂತು. ಅದನ್ನು ಪೂರೈಸಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. ತೊಂಬತ್ತರ ಮನುಷ್ಯರ ಮಾತಿದು, ಇಲಿಗಳದ್ದಲ್ಲ.

ಈಗ ಸ್ವಲ್ಪ ಕಟುವೆನಿಸಬಹುದಾದ ಮಾತು. ನಿಮ್ಮ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ, ಆದ್ದರಿಂದಲೇ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಹಿರಿಯರು ಒಮ್ಮೆ ಮುಗ್ಗರಿಸಿದರೆ ಸಾಕು, ‘ನೀ ಸುಮ್ಮನ ಕುಂದರು ಯಪ್ಪಾ, ನಾ ಮಾಡ್ತೀನಿ’ ಎಂದು ಕೈಯಲ್ಲಿದ್ದುದನ್ನೆಲ್ಲ ಕಸಿದುಕೊಳ್ಳುತ್ತೇವೆ. ಕೂತ ಕಾಲು ಇನ್ನಷ್ಟು ಬೇಗ ಸೊರಗುತ್ತದೆ. ಅದಕ್ಕಿಂತ ಹೆಚ್ಚಾಗಿ, ದುಡಿಮೆಯಿಂದಲೇ ತನ್ನ ಬೆಲೆ ಅಳೆದುಕೊಂಡ ಮನುಷ್ಯನಿಗೆ ತಾನು ಬೇಡವಾದೆ ಅನ್ನಿಸುತ್ತದೆ. ‘ಭೂಮಿಗೆ ಭಾರ’ ಎಂಬ ಮಾತು ಅಲ್ಲಿಂದಲೂ ಬಂದಿರಬಹುದು.

ಹಾಗಾದರೆ ಏನು ಮಾಡಬೇಕು? ಮೊದಲು ವೈದ್ಯರ ಹತ್ತಿರ ಕರೆದೊಯ್ಯಿರಿ. ರಕ್ತಹೀನತೆ, ಸಕ್ಕರೆ, ಥೈರಾಯ್ಡ್, ವಿಟಮಿನ್ ಕೊರತೆಯೂ ಹೀಗೇ ಕಾಡುತ್ತವೆ, ಅವಕ್ಕೆ ಚಿಕಿತ್ಸೆ ಇದೆ. ಒಂದೇ ಕಡೆಯ ಕೈಕಾಲು ಸೋತರೆ ತಡಮಾಡದೆ ಆಸ್ಪತ್ರೆಗೆ ಓಡಿ. ತಾನಾಗಿ ತೂಕ ಇಳಿಯುತ್ತಿದ್ದರೆ, ಪದೇ ಪದೇ ಬೀಳುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ವ್ಯಾಯಾಮಕ್ಕೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಅಥವಾ ಧಾರವಾಡದ ಜಿಲ್ಲಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೇಳಿ. ಸಾಮಾನ್ಯವಾಗಿ ಶುರುವಾಗುವುದು ಇಷ್ಟರಿಂದ: ಗೋಡೆಗೆ ತಾಗಿಸಿದ ಗಟ್ಟಿ ಕುರ್ಚಿ, ನೀವು ಪಕ್ಕದಲ್ಲಿ. ಅಪ್ಪ ಏಳುವುದು, ಕೂರುವುದು. ಮೊದಲು ಕೈ ಊರಿ, ಬಲ ಬಂದಂತೆ ಕೈ ಬಿಟ್ಟು. ಉಸಿರು ಬಿಗಿಹಿಡಿಯಬಾರದು.

ಊಟದ ಮಾತು ಮನೆಯ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಹಲ್ಲು ಹೋದ ಹಿರಿಯರು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಅಷ್ಟಕ್ಕೇ ಮುಗಿಸುತ್ತಾರೆ. ಸ್ನಾಯುವಿಗೆ ಬೇಕಾದಷ್ಟು ಪ್ರೋಟೀನ್ ಅದರಲ್ಲಿ ಸಿಗುವುದಿಲ್ಲ. ಕಡ್ಲಿಹಿಟ್ಟಿನ ಝುಣಕ ಮೆತ್ತಗಿರುತ್ತದೆ. ಬೇಯಿಸಿದ ಹೆಸರುಕಾಳು, ಗಟ್ಟಿ ಮೊಸರು, ಶೇಂಗಾ ಹಿಂಡಿ, ತಿನ್ನುವವರಾದರೆ ಮೊಟ್ಟೆ. ಒಂದೇ ಹೊತ್ತಿಗಲ್ಲ, ಪ್ರತಿ ಊಟದಲ್ಲೂ ಇವುಗಳಲ್ಲೊಂದು ಇರಲಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಿ.

ಕೆಲಸವನ್ನೂ ಮರಳಿ ಕೊಡಿ. ದನಕ್ಕೆ ಕಣಿಕೆ ಹಾಕುವುದು, ಬೆಳಿಗ್ಗೆ ಒಡ್ಡಿನತನಕ ನಡೆದು ಬರುವುದು. ಕಡಲೆ ಯಾವಾಗ ಬಿತ್ತೋಣ ಎಂದು ಕೇಳಿ, ಅವರು ಹೇಳಿದ್ದಕ್ಕೆ ಕಿವಿಗೊಡಿ.

ಹೊಲ ಒತ್ತಿ ಹಾಕುವ ಮಾತು ಬಿಟ್ಟುಬಿಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಕೆಲವು ರಕ್ತರೋಗಗಳಿಗಿರುವಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ ಸ್ಟೆಮ್ ಸೆಲ್ಲನ್ನು ಚಿಕಿತ್ಸೆಯೆಂದು ಮಾರುವಂತಿಲ್ಲ. ಉಳಿದದ್ದೆಲ್ಲ ಪ್ರಯೋಗ, ಪ್ರಯೋಗಕ್ಕೆ ಬಂದವರಿಂದ ಹಣ ಕೇಳುವಂತಿಲ್ಲ. ಆ ಪರಿಚಯದವರಿಗೆ ಇದನ್ನೇ ಹೇಳಿ, ಸಿಟ್ಟು ಬೇಡ. ಅವರೂ ಯಾರದೋ ಮಾತು ನಂಬಿರಬಹುದು.

‘ಭಾರ ಆಗೇನಿ’ ಎಂಬ ಮಾತು ಮತ್ತೆ ಮತ್ತೆ ಬಂದರೆ, ಊಟ ಬಿಟ್ಟರೆ, ಸಾಯುವ ಮಾತಾಡಿದರೆ ವಯಸ್ಸಿನ ಮಾತೆಂದು ತಳ್ಳಿಹಾಕಬೇಡಿ. ಧಾರವಾಡದ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಪ್ಪನೇ ಮಾತಾಡಬೇಕೆಂದಿಲ್ಲ, ನಿದ್ದೆ ಹತ್ತದ ರಾತ್ರಿ ನೀವೂ ಆ ನಂಬರಿಗೆ ಹಚ್ಚಿ.