ನಿಯಮ ಬರೆಯುವ ಮೊದಲು: ಹೊಸ ಸಮಾಜ ವಿಜ್ಞಾನ ಶಿಕ್ಷಕಿಗೆ ಒಂದು ಪತ್ರ

ಪ್ರೀತಿಯ ತಂಗಿ,

ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆ ಕಡೆಯ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡಲು ಹೊರಟಿದ್ದೀಯ ಎಂದು ತಿಳಿದು ಸಂತೋಷವಾಯಿತು. ಹೈಸ್ಕೂಲಿನ ರಾಜ್ಯಶಾಸ್ತ್ರದ ಪಿರಿಯಡ್‌ಗೆ ಏನೇನು ನಿಯಮ ಮಾಡಬೇಕು, ಮಕ್ಕಳಿಂದ ಏನನ್ನು ನಿರೀಕ್ಷಿಸಬೇಕು ಎಂದು ಕೇಳಿದ್ದೀಯ. ಈ ವರ್ಷ ಹೊಸದಾಗಿ ತರಗತಿಗೆ ಕಾಲಿಡುವ ಎಷ್ಟೋ ಮಂದಿಗೆ ಇದೇ ಪ್ರಶ್ನೆ ಇರುತ್ತದೆ. ಎಲ್ಲರೂ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಗಣಿತದ ಮೇಷ್ಟ್ರು ಎಷ್ಟೇ ಸಿಡುಕಿದರೂ ಮಗ್ಗಿ ಬದಲಾಗುವುದಿಲ್ಲ. ರಾಜ್ಯಶಾಸ್ತ್ರ ಹಾಗಲ್ಲ. ಸಮಾನತೆಯ ಹಕ್ಕನ್ನು ಪಾಠ ಮಾಡಿದ ಗಳಿಗೆಯಲ್ಲೇ ಒಬ್ಬನಿಗೊಂದು ನ್ಯಾಯ, ಇನ್ನೊಬ್ಬನಿಗೊಂದು ನ್ಯಾಯ ಮಾಡಿದರೆ ಮಕ್ಕಳು ನಂಬುವುದು ಕಣ್ಣಾರೆ ಕಂಡದ್ದನ್ನೇ. ಆದ್ದರಿಂದ ನಿನ್ನ ತರಗತಿಯ ಪ್ರತಿಯೊಂದು ನಿಯಮವೂ ಸಂವಿಧಾನದ ಎದುರು ನಿಲ್ಲುವಂತಿರಬೇಕು. ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ನಿಯಮವನ್ನು ಮೊದಲೇ, ಬರವಣಿಗೆಯಲ್ಲಿ, ಕಾರಣದ ಸಮೇತ ತಿಳಿಸು. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ ಎಂದರೆ ಸಾಲದು. ನೆಟ್‌ವರ್ಕ್ ಸಿಗದ ಮನೆಗಳು ಆ ಕಾಡಿನಂಚಿನಲ್ಲಿ ಬೇಕಾದಷ್ಟಿವೆ. ತರಗತಿಯ ಗೋಡೆಗೆ ಅಂಟಿಸು, ನೋಟ್ಸಿನ ಮೊದಲ ಪುಟದಲ್ಲಿ ಬರೆಸು. ಕೃತ್ಯ ನಡೆದಾಗ ಇಲ್ಲದಿದ್ದ ಕಾನೂನಿನಡಿ ಯಾರನ್ನೂ ಅಪರಾಧಿ ಎನ್ನುವಂತಿಲ್ಲ ಎನ್ನುತ್ತದೆ ಸಂವಿಧಾನದ 20ನೇ ವಿಧಿ. ಸೋಮವಾರ ಮಾಡಿದ ನಿಯಮಕ್ಕೆ ಶನಿವಾರದ ತಪ್ಪನ್ನು ಎಳೆದು ತರಬೇಡ. ಆಂತರಿಕ ಮೌಲ್ಯಮಾಪನದ 20 ಅಂಕಗಳ ವಿಷಯವೂ ಅಷ್ಟೇ. ಯಾವುದಕ್ಕೆ ಎಷ್ಟು ಅಂಕ ಎಂಬುದು ವರ್ಷದ ಆರಂಭದಲ್ಲೇ ಮಕ್ಕಳಿಗೆ ಗೊತ್ತಿರಲಿ. ಅಂಕ ಅವರು ದುಡಿದು ಪಡೆಯುವಂಥದ್ದು, ನೀನು ಕೊಡುವ ಬಕ್ಷೀಸಲ್ಲ.

ಇನ್ನು ಲೇಟಾಗಿ ಬರುವವರ ವಿಚಾರ. ಜುಲೈ ತಿಂಗಳ ಒಂದು ಬೆಳಿಗ್ಗೆಯನ್ನು ಯೋಚಿಸು. ಬೆಲ್ ಹೊಡೆದು ಕಾಲು ಗಂಟೆಯಾಗಿದೆ. ಬಾಗಿಲಲ್ಲಿ ಒಬ್ಬಳು ಹುಡುಗಿ ನಿಂತಿದ್ದಾಳೆ. ಕೊಡೆಯಿಂದ ನೀರು ಇಳಿಯುತ್ತಿದೆ, ಲಂಗ ಮೊಣಕಾಲಿನವರೆಗೆ ಒದ್ದೆ, ಪುಸ್ತಕಗಳು ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಭದ್ರ. ಹಳ್ಳ ತುಂಬಿ ಕಾಲುಸಂಕ ದಾಟಲಾಗದೆ ಸುತ್ತು ಹಾಕಿ ಬಂದಿದ್ದಾಳೆ. ಶಾಲೆಯ ಪಕ್ಕದಲ್ಲೇ ಮನೆಯಿದ್ದು ಹರಟುತ್ತ ತಡವಾಗಿ ಬಂದವನೂ ಅವಳ ಹಿಂದೆಯೇ ಇದ್ದಾನೆ. ಇಬ್ಬರನ್ನೂ ಹೊರಗೆ ನಿಲ್ಲಿಸಿದರೆ ಮೇಲ್ನೋಟಕ್ಕೆ ಸಮಾನತೆ. ಆದರೆ ಅಸಮಾನರನ್ನು ಸಮಾನರಂತೆ ಕಾಣುವುದು 14ನೇ ವಿಧಿಯ ಆಶಯವಲ್ಲ ಎಂದು ನಮ್ಮ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ತಡವಾದವರು ಸದ್ದಿಲ್ಲದೆ ಒಳಗೆ ಬಂದು ಕೂರಲಿ, ಕಾರಣವನ್ನು ಪಿರಿಯಡ್ ಮುಗಿದ ಮೇಲೆ ಕೇಳು. ಮಳೆಗಾಲದಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬರದ ಊರುಗಳವು; ಹೋಂವರ್ಕ್‌ಗೆ ಒಂದು ದಿನ ಹೆಚ್ಚಿಗೆ ಕೇಳುವ ಅವಕಾಶವನ್ನು ನಿಯಮದಲ್ಲೇ ಸೇರಿಸು. ಹಾಗೆಂದು ಹಾಜರಾತಿಯಲ್ಲಿ ಸಡಿಲ ಬಿಡಬೇಡ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶೇ 75 ಹಾಜರಾತಿ ಬೇಕು. ಗೈರುಹಾಜರಾಗುವ ಮಗುವಿನ ಮನೆಗೆ ಫೆಬ್ರವರಿಯಲ್ಲಲ್ಲ, ಆಗಸ್ಟಿನಲ್ಲೇ ಹೋಗಿ ಬಾ.

ಶಿಕ್ಷೆಯ ವಿಷಯದಲ್ಲಿ ಸಂದೇಹವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆ ಕಾಯ್ದೆ 14 ವರ್ಷದವರೆಗಿನ ಮಕ್ಕಳಿಗೆ ತಾನೇ, ಹತ್ತನೆಯವರಿಗೆ ಅನ್ವಯಿಸುವುದಿಲ್ಲ ಎಂದು ವಾದಿಸುವ ಸಹೋದ್ಯೋಗಿಗಳು ಸಿಗಬಹುದು. ಮಗುವಿನ ಘನತೆಗೆ ಹುಟ್ಟುಹಬ್ಬದ ಗಡಿ ಇಲ್ಲ ಎಂದು ಹೇಳು. ಹತ್ತು ರೂಪಾಯಿ ಫೈನ್ ಹಾಕುವ ಅಭ್ಯಾಸವೂ ಬೇಡ. ಕಾನೂನಿನ ಅಧಿಕಾರವಿಲ್ಲದೆ ಸರ್ಕಾರವೇ ಒಂದು ಪೈಸೆ ತೆರಿಗೆ ಎತ್ತುವಂತಿಲ್ಲ ಎಂದು 265ನೇ ವಿಧಿ ಕಟ್ಟುಮಾಡಿರುವಾಗ ನಾವು ಯಾವ ಅಧಿಕಾರದಲ್ಲಿ ಕೂಲಿ ಮನೆಯ ಮಗುವಿನಿಂದ ಹಣ ವಸೂಲು ಮಾಡುವುದು?

ಕ್ಲಾಸ್ ಲೀಡರ್ ಕೈಗೆ ಚಾಕ್ ಕೊಟ್ಟು, ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಸುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಗೆಳೆಯನ ಹೆಸರು ತಪ್ಪುತ್ತದೆ, ಜಗಳವಾಡಿದವನ ಹೆಸರಿನ ಮುಂದೆ ಗುಣಾಕಾರ ಚಿಹ್ನೆಗಳು ಬೆಳೆಯುತ್ತವೆ. ದೂರು ಕೊಟ್ಟವನೇ ಸಾಕ್ಷಿ, ಅವನೇ ನ್ಯಾಯಾಧೀಶ. ಇದನ್ನು ನಿಲ್ಲಿಸು. ಲೀಡರನ್ನು ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಗುಪ್ತ ಮತದಾನದಿಂದ ಆರಿಸಲಿ. ಅವನ ಕೆಲಸ ಮಕ್ಕಳ ಅಹವಾಲನ್ನು ನಿನಗೆ ಮುಟ್ಟಿಸುವುದಾಗಲಿ. ತಪ್ಪು ಮಾಡಿದ್ದಾರೆ ಎನ್ನಿಸಿದವರ ಮಾತನ್ನು ಕೇಳದೆ ಏನನ್ನೂ ತೀರ್ಮಾನಿಸಬೇಡ.

ನಿಯಮ ಮಾಡುವಾಗ ಮಕ್ಕಳನ್ನೂ ಕೂರಿಸಿಕೋ. ನಿನ್ನ ಪಕ್ಕದ ಕೊಪ್ಪದಲ್ಲಿ ಖಾಸಗಿ ಕಂಪನಿಯೊಂದರ ಬಸ್‌ಗಳು ನಿಂತಾಗ ಕಾರ್ಮಿಕರೇ 1991ರಲ್ಲಿ ಸಂಘ ಕಟ್ಟಿ ‘ಸಹಕಾರ ಸಾರಿಗೆ’ ಓಡಿಸಿದರು. ಆ ಬಸ್‌ಗಳು 2020ರಲ್ಲಿ ನಿಂತವು ನಿಜ; ಆದರೆ ಡ್ರೈವರ್, ಕಂಡಕ್ಟರುಗಳೇ ಮಾಲೀಕರಾಗಿ ಮೂರು ದಶಕ ಮಲೆನಾಡಿನ ಸಂದುಗೊಂದುಗಳಿಗೆ ಬಸ್ ಮುಟ್ಟಿಸಿದ್ದು ಸಣ್ಣ ಮಾತಲ್ಲ. ತಾವೇ ಕೂತು ಮಾಡಿಕೊಂಡ ನಿಯಮದ ಬಗ್ಗೆ ಮನುಷ್ಯನಿಗೆ ಬೇರೆಯೇ ನಿಷ್ಠೆ ಇರುತ್ತದೆ. ಆ ಬಸ್ಸಿನಲ್ಲಿ ಓಡಾಡಿದ ಅಪ್ಪ ಅಮ್ಮಂದಿರ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಚರ್ಚೆಯ ನಿಯಮ. ನಿಮ್ಮ ಕಡೆಯ ಕಾಡನ್ನೇ ನೋಡು. ಕುದುರೆಮುಖ ರಾಷ್ಟ್ರೀಯ ಉದ್ಯಾನ 1987ರಲ್ಲಿ ಘೋಷಣೆಯಾಯಿತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. 2006ರ ಅರಣ್ಯ ಹಕ್ಕು ಕಾಯ್ದೆ ಹಕ್ಕಿನ ಅರ್ಜಿಗಳನ್ನು ಮೊದಲು ಪರಿಶೀಲಿಸುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿತು. ಬೇರೆ ಊರಿನ ಮಕ್ಕಳಿಗೆ ಇವು ಟಿಪ್ಪಣಿ ಬರೆಯುವ ವಿಷಯಗಳು, ನಿನ್ನ ಮಕ್ಕಳಿಗೆ ಮನೆಯ ಮಾತು. ಪರಿಹಾರ ಪಡೆದು ಕಾಡಿನಿಂದ ಹೊರಡಬೇಕೆನ್ನುವವರ ಮಗಳು, ಏನೇ ಆದರೂ ಜಾಗ ಬಿಡುವುದಿಲ್ಲ ಎನ್ನುವವರ ಮಗ, ಅರಣ್ಯ ಇಲಾಖೆಯ ವಾಚರ್ ಮಗ ಒಂದೇ ಬೆಂಚಿನಲ್ಲಿ ಕೂತಿರಬಹುದು. ಅದಕ್ಕೆ ಹೆದರಿ ವಿಷಯವನ್ನೇ ಬಿಡಬೇಡ. ಮೂರು ಕಟ್ಟುಪಾಡು ಹಾಕು: ಯಾರ ಮನೆಯ ಹೆಸರನ್ನೂ ಎತ್ತಬಾರದು, ಹೇಳಿದ ಮಾತಿಗೆ ಆಧಾರ ಕೊಡಬೇಕು, ಎದುರಿನವರು ಹೇಳಿದ್ದನ್ನು ಅವರು ಒಪ್ಪುವಂತೆ ಮತ್ತೊಮ್ಮೆ ಹೇಳಿದ ಮೇಲೆಯೇ ಖಂಡಿಸಬೇಕು. ನಿನ್ನ ಪಕ್ಷ ಯಾವುದೆಂದು ಮಕ್ಕಳಿಗೆ ವರ್ಷ ಮುಗಿದರೂ ಗೊತ್ತಾಗಬಾರದು.

ಮೌನವಾಗಿರುವ ಮಗುವಿಗೂ ಆ ತರಗತಿಯಲ್ಲಿ ಜಾಗವಿರಲಿ. 1985ರಲ್ಲಿ ಕೇರಳದಲ್ಲಿ ಒಂದೇ ಮನೆಯ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರೂ ಧಾರ್ಮಿಕ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ ಎಂಬುದೇ ಅವರ ಮೇಲಿನ ದೂರು. ಬಿಜೋ ಇಮ್ಯಾನುಯೆಲ್ ಪ್ರಕರಣ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರವಾಗಿ ತೀರ್ಪಿತ್ತಿತು. ನಮ್ಮ ಶಿಸ್ತು ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ಶಾಲೆಗಳಿಗೆ ಕಲಿಸಿದ ತೀರ್ಪು ಅದು. ಹತ್ತನೆಯವರಿಗೆ ತಪ್ಪದೆ ಹೇಳು.

ಮಕ್ಕಳಿಂದ ನಿರೀಕ್ಷಿಸಬೇಕಾದದ್ದನ್ನೂ ಕಡಿಮೆ ಮಾಡಬೇಡ. 2023ರಿಂದ ನಮ್ಮ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುವುದು ಕಡ್ಡಾಯವಾಗಿದೆ. ಬಾಯಿಪಾಠ ಸಾಲದು, ಅದರ ಒಂದೊಂದು ಮಾತಿಗೂ ತಮ್ಮ ಊರಿನ ಉದಾಹರಣೆ ಕೊಡಲು ಬರಬೇಕು. ವಾರಕ್ಕೊಂದು ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಅದರಲ್ಲಿ ಸುದ್ದಿ ಯಾವುದು, ಅಭಿಪ್ರಾಯ ಯಾವುದು ಎಂದು ಬೇರ್ಪಡಿಸಬೇಕು. ಮಕ್ಕಳ ಗ್ರಾಮಸಭೆಗೆ ಬರಿಗೈಯಲ್ಲಿ ಹೋಗದೆ ಬರೆದ ಪ್ರಶ್ನೆಯೊಂದಿಗೆ ಹೋಗಬೇಕು. ಘಟ್ಟದ ಕೆಳಗಿನ ಕೆರಾಡಿಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿ ನಡೆದಿತ್ತು; 2006ರಲ್ಲಿ ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸರ್ಕಾರ ಆದೇಶಿಸಿತು. ಕಾಲುಸಂಕದ ಬಗ್ಗೆ ಕೇಳಲಿ, ಬಸ್ಸಿನ ಬಗ್ಗೆ ಕೇಳಲಿ. ಕೊಟ್ಟ ಉತ್ತರವನ್ನು ದಿನಾಂಕ ಹಾಕಿ ಬರೆದಿಟ್ಟುಕೊಂಡು ಮುಂದಿನ ವರ್ಷ ಅದೇ ಪುಟ ತೆರೆದು ಮತ್ತೆ ಕೇಳಲಿ.

61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದರಿಂದ ನಿನ್ನ ಹತ್ತನೆಯ ಮಕ್ಕಳು ಎರಡು ಮೂರು ವರ್ಷದಲ್ಲಿ ಮತದಾರರು. ಅವರಲ್ಲಿ ಹಲವರಿಗೆ ರಾಜ್ಯಶಾಸ್ತ್ರದ ಮೇಷ್ಟರು ಎಂದು ಇನ್ನೊಬ್ಬರು ಸಿಗುವುದಿಲ್ಲ, ನೀನೇ ಕೊನೆಯವಳು. ಆದ್ದರಿಂದ ಶಾಲೆ ತೆರೆದ ಮೊದಲ ವಾರವೇ ಮಕ್ಕಳೊಂದಿಗೆ ಕೂತು ನಿಯಮಗಳನ್ನು ಬರೆ. ನೀನು ತಡವಾಗಿ ಬಂದರೆ, ಪೇಪರ್ ತಿದ್ದಿಕೊಡಲು ವಾರಗಟ್ಟಲೆ ಮಾಡಿದರೆ ಮಕ್ಕಳು ಏನು ಕೇಳಬಹುದು ಎಂಬುದನ್ನೂ ಅದರಲ್ಲೇ ಸೇರಿಸು. ಅವರೆಲ್ಲರ ಸಹಿಯ ಕೆಳಗೆ ನಿನ್ನ ಸಹಿಯನ್ನೂ ಹಾಕು.

ಶುಭವಾಗಲಿ.

ಇಂತಿ,
ನಿನ್ನ ಹಿರಿಯ ಸಹೋದ್ಯೋಗಿ