ಸೋಸುವ ಬಿಳಿ ಪುಡಿ: ಡಯಾಟಮ್ ಮಣ್ಣಿನ ಪರಿಚಯ



ನಮ್ಮ ಸಂಘದ ಸದಸ್ಯರೊಬ್ಬರು ಔಷಧಿಯ ಶೇಷ ಪರೀಕ್ಷಿಸಲೆಂದು ವೀಳ್ಯದೆಲೆಯ ಮಾದರಿ ಹಿಡಿದು ನಮ್ಮೊಡನೆ ಪ್ರಯೋಗಾಲಯಕ್ಕೆ ಬಂದಿದ್ದರು. ಅಸಿಟೋನಿನಲ್ಲಿ ಅರೆದ ಎಲೆಯನ್ನು ಸೋಸುವ ಮೊದಲು ಅಲ್ಲಿಯವರು ಅದಕ್ಕೆ ಒಂದು ಚಮಚ ಬಿಳಿ ಪುಡಿ ಬೆರೆಸಿದರು. "ಇದೇನು ಕಲಬೆರಕೆ? ನಾಳೆ ಬರುವ ಲೆಕ್ಕ ಎಲೆಯದ್ದೋ ಪುಡಿಯದ್ದೋ?" ಎಂದು ಸದಸ್ಯರು ಕೇಳಿಯೇಬಿಟ್ಟರು. ನ್ಯಾಯವಾದ ಪ್ರಶ್ನೆ. ಪರೀಕ್ಷೆಗೆ ಹಣ ಕೊಡುವ ನಾವೆಲ್ಲರೂ ಉತ್ತರ ತಿಳಿದಿರಬೇಕು.

ಪುಡಿ ಯಾವುದು?

ಡಯಾಟಮ್ ಎಂಬುದು ಕೆರೆ, ಸಮುದ್ರಗಳಲ್ಲಿ ಬೆಳೆಯುವ, ಕಣ್ಣಿಗೆ ಕಾಣದ ಏಕಕೋಶ ಪಾಚಿ. ಇದರ ಚಿಪ್ಪು ಸಿಲಿಕಾದ್ದು, ಮೈತುಂಬಾ ಸೂಕ್ಷ್ಮ ರಂಧ್ರಗಳು. ಲಕ್ಷಾಂತರ ವರ್ಷ ತಳದಲ್ಲಿ ಶೇಖರವಾದ ಈ ಚಿಪ್ಪುಗಳೇ ಡಯಾಟಮ್ ಮಣ್ಣು. ಜರ್ಮನಿಯಲ್ಲಿ ಇದಕ್ಕೆ ಕೀಸೆಲ್‌ಗೂರ್ ಎಂದು ಹೆಸರು. ಆಲ್ಫ್ರೆಡ್ ನೊಬೆಲ್ 1867ರಲ್ಲಿ ಡೈನಮೈಟ್ ತಯಾರಿಸಿದ್ದು ನೈಟ್ರೋಗ್ಲಿಸರಿನ್ನನ್ನು ಈ ಮಣ್ಣಿಗೆ ಹೀರಿಸಿ. 1892ರಲ್ಲಿ ಹ್ಯಾಂಬರ್ಗ್ ನಗರಕ್ಕೆ ಕಾಲರಾ ಬಂದಾಗ ಕುಡಿಯುವ ನೀರು ಸೋಸಲು ಬಳಸಿದ ಬರ್ಕೆಫೆಲ್ಡ್ ಕ್ಯಾಂಡಲ್ ಫಿಲ್ಟರುಗಳೂ ಇದೇ ಮಣ್ಣಿನವು. ಪ್ರಯೋಗಾಲಯದವರು ಇದನ್ನು ಸಾಮಾನ್ಯವಾಗಿ ಸೆಲೈಟ್ ಎಂಬ ವ್ಯಾಪಾರನಾಮದಿಂದ ಕರೆಯುತ್ತಾರೆ.

ಕೆಲಸ ಮಾಡುವ ಬಗೆ

ಕಾಫಿ ಪುಡಿ ತೀರಾ ನುಣ್ಣಗಾದರೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವುದಿಲ್ಲ. ನುಣುಪು ಕಣಗಳು ಒತ್ತೊತ್ತಾಗಿ ಕೂತು ದಾರಿ ಮುಚ್ಚುತ್ತವೆ. ಎಲೆಯ ಲೋಳೆ, ಜೇಡಿಯ ಕಣ ಸೋಸುಕಾಗದದ ಮೇಲೆ ಮಾಡುವುದೂ ಇದನ್ನೇ. ಡಯಾಟಮ್ ಚಿಪ್ಪುಗಳು ಗಟ್ಟಿ, ಅಡ್ಡಾದಿಡ್ಡಿ ಆಕಾರದವು. ಒಂದರ ಮೇಲೊಂದು ಬಿದ್ದರೂ ಅಪ್ಪಚ್ಚಿಯಾಗುವುದಿಲ್ಲ. ಇಂತಹ ಪದರದಲ್ಲಿ ನೂರಕ್ಕೆ ಸುಮಾರು 85 ಪಾಲು ಬರಿಯ ಸಂದು. ಕೊಳೆ ಸಂದುಗೊಂದಿಗಳಲ್ಲಿ ಸಿಕ್ಕಿಕೊಳ್ಳುತ್ತದೆ, ದ್ರವ ಇಳಿಯುತ್ತದೆ.

ಬಳಸುವ ಕ್ರಮ ಎರಡು. ಒಂದು, ಪುಡಿಯನ್ನು ದ್ರಾವಕದಲ್ಲಿ ಕದಡಿ ಆಲಿಕೆಯ ಕಾಗದದ ಮೇಲೆ ಸುರಿದು ಮೊದಲೇ ತೆಳುಹಾಸು ಮಾಡುವುದು. ಇನ್ನೊಂದು, ಸೋಸಬೇಕಾದ ದ್ರವಕ್ಕೇ ಪುಡಿ ಬೆರೆಸುವುದು. ಆಗ ಮೇಲೇರುವ ಗಸಿಯೂ ಸಡಿಲವಾಗಿರುತ್ತದೆ. ಮೊದಲು ಇಳಿದ ದ್ರವ ಮಬ್ಬಾಗಿದ್ದರೆ ಅದನ್ನು ಮತ್ತೆ ಮೇಲಕ್ಕೇ ಸುರಿಯಬೇಕು. ಹಾಸು ಬಿರುಕು ಬಿಡಬಾರದು.

ಇದರ ಮಿತಿಗಳೂ ತಿಳಿದಿರಲಿ. ಈ ಪುಡಿ ತೆಗೆಯುವುದು ಮಬ್ಬನ್ನು, ಬಣ್ಣವನ್ನಲ್ಲ. ಅಡಿಕೆ ಬೇಯಿಸಿದ ಚೊಗರನ್ನು ಇದರಲ್ಲಿ ಸೋಸಿದರೆ ತಿಳಿಯಾದೀತು, ಕೆಂಪು ಹೋಗದು. ಬಣ್ಣ ತೆಗೆಯಲು ಬೇರೆಯೇ ಇದ್ದಿಲ ಪುಡಿ ಉಂಟು. ನಮಗೆ ಬೇಕಾದದ್ದು ಮೇಲುಳಿಯುವ ಗಸಿಯಾದರೆ ಈ ಪುಡಿ ಹಾಕಬಾರದು, ಎರಡೂ ಕಲಸಿಹೋಗುತ್ತವೆ. ಸಿಲಿಕಾ ಅಳೆಯುವ ಪರೀಕ್ಷೆಗೂ ಸಲ್ಲದು. ಬಿಸಿಯಾದ ತೀಕ್ಷ್ಣ ಕ್ಷಾರ ಇದನ್ನು ಕರಗಿಸುತ್ತದೆ.

ಲೆಕ್ಕ ಯಾರದ್ದು?

ಈಗ ಸದಸ್ಯರ ಪ್ರಶ್ನೆಗೆ ಬರೋಣ. ಎಲೆ ಇಲ್ಲದೆ, ಬರಿಯ ಅಸಿಟೋನು ಮತ್ತು ಪುಡಿಯನ್ನೇ ಅದೇ ರೀತಿ ಸೋಸಿ ಅಳೆಯುತ್ತಾರೆ. ಇದಕ್ಕೆ ಖಾಲಿ ಪರೀಕ್ಷೆ ಎನ್ನುತ್ತಾರೆ. ಪುಡಿಯಿಂದ ಏನಾದರೂ ಸೇರಿದರೆ ಇಲ್ಲಿ ಸಿಕ್ಕಿಬೀಳುತ್ತದೆ. ಪುಡಿ ಏನನ್ನಾದರೂ ಹಿಡಿದಿಟ್ಟುಕೊಂಡಿತೇ ಎಂದು ತಿಳಿಯಲು, ಔಷಧಿ ಸಿಂಪಡಿಸದ ಎಲೆಗೆ ಗೊತ್ತಾದ ಪ್ರಮಾಣದ ಔಷಧಿ ಸೇರಿಸಿ, ಕೊನೆಗೆ ಎಷ್ಟು ದೊರೆಯಿತೆಂದು ನೋಡುತ್ತಾರೆ. ಇವೆರಡೂ ಸರಿಯಿದ್ದರೆ ಪುಡಿಯ ಬಗ್ಗೆ ಅನುಮಾನ ಬೇಡ. ಇವೆರಡನ್ನೂ ಮಾಡಿದ್ದೀರಾ ಎಂದು ಕೇಳಲು ಸಂಕೋಚ ಬೇಡ.

ನಾವು ಮಾಡಿದ ತಪ್ಪು

ಈ ಮಣ್ಣು ಕಾಳಿನ ಹುಳುವನ್ನೂ ಕೊಲ್ಲುತ್ತದೆಂದು ಓದಿದ್ದ ನಾವು, ಒಮ್ಮೆ ಪ್ರಯೋಗಾಲಯದಲ್ಲಿ ಉಳಿದಿದ್ದ ಅರ್ಧ ಡಬ್ಬಿ ಪುಡಿಯನ್ನು ಮನೆಗೆ ತಂದು ಅಲಸಂದೆ ಬೀಜಕ್ಕೆ ಬೆರೆಸಿದೆವು. ಬಾಗಿಲು ಮುಚ್ಚಿದ ಉಗ್ರಾಣ, ಮೂಗಿಗೆ ಬಟ್ಟೆಯೂ ಇಲ್ಲ. ಕೆಲಸದಾಳೂ ನಾವೂ ಸಂಜೆಯವರೆಗೆ ಕೆಮ್ಮಿದೆವು. ಆಮೇಲೆ ಡಬ್ಬಿಯ ಚೀಟಿ ಓದಿದೆವು. ಮೊದಲೇ ಓದಬೇಕಿತ್ತು.

ಸೋಸಲು ಮಾರುವ ಪುಡಿಯಲ್ಲಿ ಹೆಚ್ಚಿನದು ಸೋಡಾದೊಡನೆ ಸುಮಾರು 1000 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಟ್ಟದ್ದು. ಸುಟ್ಟಾಗ ಸಿಲಿಕಾದ ಬಹುಪಾಲು ಕ್ರಿಸ್ಟೋಬಲೈಟ್ ಎಂಬ ಹರಳಾಗಬಹುದು. ಇದರ ಧೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಬರುತ್ತದೆ. ಕೆಲಸದ ಜಾಗದಲ್ಲಿ ಉಸಿರಿಗೆ ಸೇರುವ ಈ ಧೂಳು ಕ್ಯಾನ್ಸರ್ ತರುವಂಥದ್ದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ವರ್ಗೀಕರಿಸಿತು. ಹುಳುವಿಗೆ ಬಳಸುವುದು ಸುಡದ ಪುಡಿ. ಅದು ಹುಳುವಿನ ಮೈಮೇಲಿನ ಮೇಣ ಹೀರಿ ಒಣಗಿಸುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದರ ಶಕ್ತಿಯೂ ಕುಗ್ಗುವುದರಿಂದ ಮಲೆನಾಡಿನ ಮಳೆಗಾಲದಲ್ಲಿ ಅದನ್ನು ನೆಚ್ಚಿ ಕೂರುವಂತಿಲ್ಲ.

ಆದ್ದರಿಂದ ನಮ್ಮ ಸಲಹೆ ಇಷ್ಟೇ: ಪ್ರಯೋಗಾಲಯದ ಪುಡಿ ಅಲ್ಲಿಯೇ ಇರಲಿ. ಉಗ್ರಾಣಕ್ಕೆ ಬೇಕಾದರೆ ಅದಕ್ಕೆಂದೇ ಚೀಟಿ ಹಚ್ಚಿದ್ದನ್ನು ಕೊಳ್ಳಿರಿ. ಯಾವ ಪುಡಿಯಾದರೂ ಧೂಳೆಬ್ಬಿಸಬೇಡಿ. ಆಳುಗಳ ಕೈಗೆ ಕೊಡುವ ಮೊದಲು ಚೀಟಿಯನ್ನು ಅವರಿಗೂ ಓದಿ ಹೇಳಿರಿ.